ತೋಟದ ಟ್ರ್ಯಾಕ್ಟರಿನ ಮುಂದಿನ ಗಾಲಿ: ಸವೆತಕ್ಕೆ ಒಡ್ಡಬೇಕಾದ ಭಾಗ ಯಾವುದು?

ಗೋವಾದ ಫೋಂಡಾ ತಾಲ್ಲೂಕಿನ ಸಾವಯಿ-ವೇರೆಂ, ಪ್ರಿಯೋಳ, ಕೇರಿ ಮುಂತಾದ ಊರುಗಳಲ್ಲಿ ಗುಡ್ಡದ ಇಳಿಜಾರಿನ ಕೆಳಗೆ ಹಬ್ಬಿರುವ ಕುಳಾಗರಗಳು ಅಡಿಕೆ, ತೆಂಗು, ಬಾಳೆ, ಕಾಳುಮೆಣಸುಗಳನ್ನು ಒಂದರ ನೆರಳಿನಲ್ಲಿ ಇನ್ನೊಂದನ್ನು ಬೆಳೆಸುವ ತೋಟಗಳಾಗಿದ್ದು, ಉತ್ತರ ಕನ್ನಡದ ಅಡಿಕೆ ತೋಟಗಳನ್ನು ಬಲ್ಲವರಿಗೆ ಅವುಗಳ ರಚನೆ ಹೊಸದೆನಿಸುವುದಿಲ್ಲ. ಮರಗಳ ಸಾಲಿನ ನಡುವೆ ದೊಡ್ಡ ಟ್ರ್ಯಾಕ್ಟರಿಗೆ ದಾರಿ ಸಾಲದ ಇಂಥ ನೆಲಕ್ಕೆ ಪವರ್ ಟಿಲ್ಲರ್ ಮತ್ತು ಚಿಕ್ಕ ಟ್ರ್ಯಾಕ್ಟರುಗಳೇ ಹೊಂದುತ್ತವೆ. ಇಂಥ ಟ್ರ್ಯಾಕ್ಟರು ಹಳೆಯದಾದಂತೆ ಎಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ಮುಂದಿನ ಗಾಲಿ ಅಲುಗಾಡತೊಡಗುವುದುಂಟು. ಆಗ ಕೈಗೆ ಸಿಕ್ಕ ವಸ್ತುಗಳಿಂದ ಮಾಡುವ ತಾತ್ಕಾಲಿಕ ದುರಸ್ತಿಗಳಲ್ಲಿ ಕೆಲವು ವರ್ಷಗಟ್ಟಲೆ ಬಾಳುವುದಕ್ಕೂ ಕೆಲವು ವಾರದೊಳಗೆ ಕೈಕೊಡುವುದಕ್ಕೂ ಸ್ಪಷ್ಟವಾದ ಭೌತಿಕ ಕಾರಣಗಳಿವೆ.

ನಿಂತಿರುವ ಟ್ರ್ಯಾಕ್ಟರಿನ ತೂಕದ ಹೆಚ್ಚಿನ ಪಾಲನ್ನು ಸಾಮಾನ್ಯವಾಗಿ ಹಿಂದಿನ ಗಾಲಿಗಳು ಹೊರುತ್ತವೆ, ಮತ್ತು ನೇಗಿಲು ಎಳೆಯುವಾಗ ಮುಂಭಾಗ ಇನ್ನಷ್ಟು ಹಗುರಾಗುತ್ತದೆ. ಆದರೆ ಇಳಿಜಾರಿನಲ್ಲಿ ಇಳಿಯುವಾಗ, ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ. ತಿರುವಿನಲ್ಲಿ ಗಾಲಿಯನ್ನು ಅಡ್ಡಕ್ಕೆ ತಳ್ಳುವ ಬಲವೂ ಇದಕ್ಕೆ ಸೇರುತ್ತದೆ. ಮುಂದಿನ ಗಾಲಿ ಚಿಕ್ಕದಾಗಿರುವುದರಿಂದ ಹಿಂದಿನ ಗಾಲಿ ಸರಾಗವಾಗಿ ಹತ್ತಿ ಇಳಿಯುವ ಕಲ್ಲು ಅದಕ್ಕೆ ಗೋಡೆಯಂತೆ ಎದುರಾಗುತ್ತದೆ, ಮತ್ತು ಆ ಪೆಟ್ಟು ನೇರವಾಗಿ ಗಾಲಿಯ ಗುಂಬಕ್ಕೆ, ಅಂದರೆ ಹಬ್ ಎನ್ನುವ ನಡುಭಾಗಕ್ಕೆ ತಲುಪುತ್ತದೆ.

ಸಾಧಾರಣ ದರ್ಜೆಯ ಹಳೆಯ ಯಂತ್ರಗಳಲ್ಲಿ ಈ ಗುಂಬ ಉಕ್ಕಿನ ಅಚ್ಚಿನ ಮೇಲೆ ಬುಷ್ ಎಂಬ ಕೊಳವೆಯ ಮೂಲಕ ತಿರುಗುತ್ತದೆ. ಬುಷ್ಷನ್ನು ಗನ್‌ಮೆಟಲ್‌ನಂಥ, ಅಂದರೆ ತಾಮ್ರ ಮತ್ತು ತವರ ಬೆರೆತ ಮೃದು ಲೋಹದಿಂದ ಮಾಡುವುದರ ಉದ್ದೇಶವೇ ಸವೆತವೆಲ್ಲ ಅದರ ಪಾಲಿಗೆ ಬಂದು ದುಬಾರಿಯಾದ ಅಚ್ಚು ಉಳಿಯಲಿ ಎಂಬುದು. ಆದರೆ ಫೋಂಡಾದ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳಿಂದ ಕೂಡಿದ ಜಂಬಿಟ್ಟಿಗೆ ಹೆಚ್ಚಾಗಿದ್ದು, ಅದರೊಡನೆ ಬರುವ ಬೆಣಚು ಕಲ್ಲಿನ ಕಣಗಳು ಸಾಮಾನ್ಯ ಉಕ್ಕನ್ನೂ ಗೀರಬಲ್ಲಷ್ಟು ಗಡುಸಾಗಿರುತ್ತವೆ. ಮಳೆಗಾಲದ ಕೆಸರು ಹಳತಾದ ಸೀಲನ್ನು ದಾಟಿ ಗ್ರೀಸಿನೊಡನೆ ಬೆರೆತರೆ, ಸವೆತ ತಡೆಯಬೇಕಾದ ಗ್ರೀಸೇ ಮಸೆಯುವ ಲೇಪವಾಗಿ ಬದಲಾಗುತ್ತದೆ. 8 ಸೆಂಟಿಮೀಟರ್ ಉದ್ದದ ಬುಷ್ಷಿನಲ್ಲಿ 1 ಮಿಲಿಮೀಟರ್ ಸಡಿಲವಿದ್ದರೆ, ಅಚ್ಚಿನಿಂದ 25 ಸೆಂಟಿಮೀಟರ್ ದೂರದ ಟಯರಿನ ಅಂಚಿನಲ್ಲಿ ಅದು ಸುಮಾರು 3 ಮಿಲಿಮೀಟರ್ ಓಲಾಟವಾಗಿ ಕಾಣುತ್ತದೆ. ಆದ್ದರಿಂದ ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ನೋಡುವ ಹಳೆಯ ಪರೀಕ್ಷೆ ಒಳಗಿನ ಸಣ್ಣ ಸವೆತವನ್ನೂ ಹಿಗ್ಗಿಸಿ ತೋರಿಸುತ್ತದೆ.

ಇಂಥ ಸಡಿಲಕ್ಕೆ ಮಾಡುವ ಕಾಮಗಾರಿ ಮೂರು ಬಗೆಯದು. ಮೊದಲನೆಯದು ತೆಳು ತಗಡನ್ನು ಸುತ್ತಿ ಸಂದನ್ನು ತುಂಬುವುದು. ಗುಂಬಕ್ಕೂ ಅದರೊಳಗೆ ಕದಲದೆ ಕೂರಬೇಕಾದ ಬುಷ್ಷಿನ ಹೊರಮೈಗೂ ನಡುವೆ ಈ ತಗಡು ಸ್ವಲ್ಪ ಕಾಲ ನಿಲ್ಲುತ್ತದೆ, ಆದರೆ ತಿರುಗುವ ಮೈಗಳ ನಡುವೆ ಹಾಕಿದರೆ ಹರಿದು ಚೂರಾಗಿ ಗ್ರೀಸನ್ನೇ ಕೆಡಿಸುತ್ತದೆ. ಎರಡನೆಯದು, ಬುಷ್ಷಿನ ಬದಲು ಬೇರಿಂಗ್ ಇರುವಲ್ಲಿ, ಅದು ಕೂರುವ ಅಚ್ಚಿನ ಭಾಗದ ಮೇಲೆ ಸೆಂಟರ್ ಪಂಚಿನಿಂದ ಸಾಲಾಗಿ ಚುಕ್ಕೆ ಹೊಡೆಯುವುದು. ಪ್ರತಿ ಗುಳಿಯ ಸುತ್ತ ಲೋಹ ಉಬ್ಬಿ ಬೇರಿಂಗನ್ನು ಬಿಗಿಯಾಗಿ ಹಿಡಿಯುತ್ತದೆಯಾದರೂ, ಹಿಡಿತವೆಲ್ಲ ಆ ಉಬ್ಬುಗಳ ತುದಿಯಲ್ಲೇ ಇರುವುದರಿಂದ ಅವು ಬೇಗ ಸವೆದು ಸಡಿಲ ಮರುಕಳಿಸುತ್ತದೆ. ಮೂರನೆಯದು ಗುಂಬವನ್ನು ಲೇತ್ ಮೇಲೆ ಕೊರೆದು ಹೊಸ ಬುಷ್ ಕೂರಿಸಿ, ಗ್ರೀಸ್ ನಿಪ್ಪಲ್‌ಗೆ ಜಾಗ ಮಾಡುವುದು. ಸವೆಯುವ ಹೊಣೆಯನ್ನು ಮತ್ತೆ ಬುಷ್ಷಿಗೇ ಒಪ್ಪಿಸುವುದರಿಂದ ಇದು ತಾತ್ಕಾಲಿಕವೆನ್ನಿಸದೆ ಬಾಳುತ್ತದೆ.

ಉತ್ತಮ ದರ್ಜೆಯ ಟ್ರ್ಯಾಕ್ಟರುಗಳಲ್ಲಿ ಬುಷ್ಷಿನ ಬದಲು ಟೇಪರ್ ರೋಲರ್ ಬೇರಿಂಗ್ ಇರುತ್ತದೆ. ಅಮೆರಿಕದ ಗಾಡಿ ತಯಾರಕ ಹೆನ್ರಿ ಟಿಮ್ಕನ್ 1898ರಲ್ಲಿ ಪೇಟೆಂಟ್ ಪಡೆದ ಈ ಬೇರಿಂಗಿನ ಓರೆಯಾದ ಉರುಳೆಗಳು ಭಾರವನ್ನೂ ಅಡ್ಡ ತಳ್ಳಾಟವನ್ನೂ ಒಟ್ಟಿಗೆ ತಾಳಿಕೊಳ್ಳುತ್ತವೆ. ಇದರ ನಟ್ಟನ್ನು ಗಾಲಿ ತಿರುಗಿಸುತ್ತಲೇ ಬಿಗಿಮಾಡಿ, ಅನಂತರ ಸ್ವಲ್ಪ ಹಿಂದಕ್ಕೆ ಸಡಿಲಿಸಿ, ಸ್ಪ್ಲಿಟ್ ಪಿನ್ ತೂರಿಸಿ ಬಾಗಿಸಬೇಕು. ಎತ್ತಿನ ಗಾಡಿಯ ಕಡಾಣಿ ಮಾಡುವ ಕೆಲಸವನ್ನೇ ಈ ಪಿನ್ ಮಾಡುವುದರಿಂದ, ಅದರ ಜಾಗದಲ್ಲಿ ಮೊಳೆಯನ್ನೋ ತಂತಿಯನ್ನೋ ಇಟ್ಟು ಸುಮ್ಮನಾಗುವುದು ಗಾಲಿಯನ್ನೇ ಕಳಚಿಹೋಗಲು ಬಿಟ್ಟಂತೆ.

ರಿಮ್ಮಿನಲ್ಲಿ ಬೋಲ್ಟಿನ ತೂತು ಅಂಡಾಕಾರವಾದಾಗ ದಪ್ಪ ವಾಷರನ್ನು ಸುತ್ತಲೂ ವೆಲ್ಡ್ ಮಾಡುವುದು ಸಾಮಾನ್ಯ ಕ್ರಮವಾಗಿದ್ದು, ರಿಮ್ ಕಡಿಮೆ ಇಂಗಾಲದ ಉಕ್ಕಿನದಾದ್ದರಿಂದ ಅದು ಒಗ್ಗುತ್ತದೆ. ಗುಂಬ ಬೀಡುಕಬ್ಬಿಣದ್ದಾದರೆ ಲೆಕ್ಕವೇ ಬೇರೆ: ಅದರಲ್ಲಿ ಸುಮಾರು 2ರಿಂದ 4 ಪ್ರತಿಶತ ಇಂಗಾಲವಿರುವುದರಿಂದ ಬೆಸುಗೆಯ ಪಕ್ಕದ ಲೋಹ ಬೇಗ ಆರಿದಾಗ ಗಡುಸಾಗಿ ಹೊಸ ಬಿರುಕು ಬಿಡುತ್ತದೆ. ಆದ್ದರಿಂದ ಮೊದಲೇ ಕಾಯಿಸಿ, ನಿಕ್ಕಲ್ ರಾಡ್ ಬಳಸಿ, ನಿಧಾನವಾಗಿ ಆರಿಸಬೇಕಾಗುತ್ತದೆ.

ಟಯರಿನ ವಿಷಯದಲ್ಲಿ ಫೋಂಡಾಕ್ಕೆ ತನ್ನದೇ ನಂಟಿದೆ. ತಾಲ್ಲೂಕಿನ ಉಸಗಾಂವ್‌ನಲ್ಲಿ ಎಂಆರ್‌ಎಫ್ ಕಂಪನಿಯ ಟಯರ್ ಕಾರ್ಖಾನೆ ನಡೆಯುತ್ತಿದೆ. ಟಯರಿಗೆ ಗಟ್ಟಿತನ ಬರುವುದು ಗಂಧಕದೊಡನೆ ಕಾಯಿಸಿದಾಗ ರಬ್ಬರಿನ ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ಬೆಸೆಯುವ ವಲ್ಕನೀಕರಣದಿಂದ, ಮತ್ತು ಟ್ಯೂಬಿಗೆ ಹಾಕುವ ಬಿಸಿ ಪ್ಯಾಚ್ ಇದೇ ಕ್ರಿಯೆಯ ಸಣ್ಣ ರೂಪ. ಟಯರಿನ ಪಕ್ಕೆ ಸೀಳಿದಾಗ ಹಳೆಯ ಟಯರಿನ ತುಂಡನ್ನು ಒಳಗಿನಿಂದ ಇಡುವುದು ಟ್ಯೂಬ್ ಹೊರಗೆ ಉಬ್ಬದಂತೆ ತಡೆಯುತ್ತದೆಯೇ ಹೊರತು, ತುಂಡಾದ ನೂಲಿನ ಪದರಕ್ಕೆ ಬಲ ಕೊಡುವುದಿಲ್ಲ. ಅಂಥ ಗಾಲಿ ತೋಟದೊಳಗಿನ ನಿಧಾನ ಓಡಾಟಕ್ಕೆ ಸರಿಹೋದೀತೇ ಹೊರತು, ಫೋಂಡಾ ಮೂಲಕ ಬೆಳಗಾವಿ ಮತ್ತು ಪಣಜಿಗಳನ್ನು ಜೋಡಿಸುವ ಹೆದ್ದಾರಿಗೆ ತಕ್ಕುದಲ್ಲ.

ಹೀಗೆ ನೋಡಿದಾಗ, ಸವೆಯಲೆಂದೇ ಇರುವ ಬುಷ್, ಸೀಲ್, ಟ್ಯೂಬುಗಳಲ್ಲಿ ಕೈಚಳಕಕ್ಕೆ ಧಾರಾಳ ಅವಕಾಶವಿದೆ, ಏಕೆಂದರೆ ಅಲ್ಲಿ ಸೋಲು ನಿಧಾನವಾಗಿ, ಮುನ್ಸೂಚನೆ ಕೊಟ್ಟು ಬರುತ್ತದೆ. ಅಚ್ಚು, ಸ್ಟೀರಿಂಗ್ ತೋಳು, ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡ್ ಇವುಗಳಲ್ಲಿ ಬಿರುಕು ಕಂಡರೆ ಬದಲಾಯಿಸುವುದೇ ದಾರಿ, ಏಕೆಂದರೆ ಅವು ಸವೆದು ಎಚ್ಚರಿಸುವುದಿಲ್ಲ, ಇಳಿಜಾರಿನ ನಡುವೆ ಒಮ್ಮೆಲೇ ಮುರಿಯುತ್ತವೆ.