ಮರಳುಗಾಡಿಗೆ ನಮ್ಮೊಂದಿಗೇ ಬರುವ ಮಲೇರಿಯಾ

ಕತಾರಿನಲ್ಲಿ ಮಲೇರಿಯಾ ಸ್ಥಳೀಯವಾಗಿ ಹರಡುವ ರೋಗವಲ್ಲ. ಆದರೂ ಇಲ್ಲಿನ ಆಸ್ಪತ್ರೆಗಳಿಗೆ ಮಲೇರಿಯಾ ರೋಗಿಗಳು ಬರುತ್ತಲೇ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಭಾರತ, ಪಾಕಿಸ್ತಾನ, ಸುಡಾನ್ ಮುಂತಾದ ದೇಶಗಳಿಂದ ದುಡಿಯಲು ಬಂದವರು, ಇಲ್ಲವೇ ಊರಿಗೆ ಹೋಗಿ ಮರಳಿದವರು. “ಮರಳುಗಾಡಿನಲ್ಲಿ ಎಂಥ ಸೊಳ್ಳೆ?” ಎಂದು ಊರಿನವರು ಫೋನಿನಲ್ಲಿ ನಕ್ಕಾಗ, ರೋಗ ಇಲ್ಲಿ ಹುಟ್ಟುವುದಿಲ್ಲ, ನಮ್ಮ ದೇಹದಲ್ಲೇ ಕುಳಿತು ವಿಮಾನವೇರಿ ಬರುತ್ತದೆ ಎಂದು ನಾನು ಉತ್ತರಿಸುತ್ತೇನೆ.

ಕೊಲ್ಲಿ ರಾಷ್ಟ್ರಗಳಿಗೆ ಮಕ್ಕಳನ್ನು ಕಳುಹಿಸಿದ ಕರಾವಳಿಯ ಮನೆಗಳಿಗೆ ಈ ಜ್ವರ ಹೊಸದಲ್ಲ. 1990ರ ದಶಕದಿಂದ ಮಂಗಳೂರು ಬಹುಕಾಲ ಮಲೇರಿಯಾದಿಂದ ನರಳಿತು. ಕಟ್ಟಡ ಕಾಮಗಾರಿಗಳಲ್ಲಿ ನಿಂತ ನೀರು, ತಾರಸಿಯ ಮುಚ್ಚಿಲ್ಲದ ಟ್ಯಾಂಕಿ, ಬಾವಿ ಇವೆಲ್ಲ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ನಗರವಾಸಿ ಸೊಳ್ಳೆಗೆ ತವರು. ಈಚಿನ ವರ್ಷಗಳಲ್ಲಿ ಅಲ್ಲಿ ಪ್ರಕರಣಗಳು ಬಹಳಷ್ಟು ತಗ್ಗಿರುವುದು ಸಮಾಧಾನದ ಸಂಗತಿ.

ಸೊಳ್ಳೆಯನ್ನು ಕೊಲ್ಲುವ ಬದಲು ಅದರ ಹೊಟ್ಟೆಯಲ್ಲೇ ರೋಗಾಣುವನ್ನು ತಡೆಯಲಾಗದೇ ಎಂದು ವಿಜ್ಞಾನಿಗಳು ಬಹುಕಾಲದಿಂದ ಯೋಚಿಸುತ್ತಿದ್ದಾರೆ. ಮನುಷ್ಯನಂತೆ ಸೊಳ್ಳೆಯ ಕರುಳಿನಲ್ಲಿಯೂ ನಿರುಪದ್ರವಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮಾರ್ಸೆಲೊ ಜೇಕಬ್ಸ್-ಲೊರೇನಾ ಅವರ ತಂಡವು ಇಂಥ ಒಂದು ಬ್ಯಾಕ್ಟೀರಿಯಾದ ತಳಿಗುಣವನ್ನು ಬದಲಿಸಿ, ಮಲೇರಿಯಾ ಪರಾವಲಂಬಿಯನ್ನು ಹತ್ತಿಕ್ಕುವ ಪ್ರೋಟೀನುಗಳನ್ನು ಅದು ಸ್ರವಿಸುವಂತೆ ಮಾಡಿತು. ಅವುಗಳಲ್ಲೊಂದರ ಮೂಲ ಚೇಳಿನ ವಿಷ! 2012ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಸೊಳ್ಳೆಯೊಳಗಿನ ಪರಾವಲಂಬಿಯ ಬೆಳವಣಿಗೆ ಶೇ 98ರವರೆಗೂ ಕುಗ್ಗಿತು. ಅಂಥ ಬ್ಯಾಕ್ಟೀರಿಯಾ ಸೊಳ್ಳೆಯಿಂದ ಸೊಳ್ಳೆಗೆ, ತಾಯಿಯಿಂದ ಮರಿಗೆ ತಾನಾಗಿಯೇ ದಾಟಬಲ್ಲದೆಂದು 2017ರಲ್ಲಿ ಮತ್ತೊಂದು ಪ್ರಯೋಗ ತೋರಿಸಿತು.

ತಾನಾಗಿ ಹರಡುವ ಈ ಗುಣವೇ ಶಕ್ತಿಯೂ ಹೌದು, ಆತಂಕವೂ ಹೌದು. ಒಮ್ಮೆ ಬಯಲಿಗೆ ಬಿಟ್ಟ ಜೀವಿಯನ್ನು ಹಿಂದಕ್ಕೆ ಕರೆಯಲಾಗದು. ಭಾರತದಲ್ಲಿಯೂ ತಳಿಗುಣ ಬದಲಿಸಿದ ಸೂಕ್ಷ್ಮಜೀವಿಗಳನ್ನು ಹೊರಬಿಡಲು 1989ರ ನಿಯಮಾವಳಿಯಂತೆ ಸರ್ಕಾರದ ಅನುಮತಿ ಅಗತ್ಯ. ಇದಕ್ಕಿಂತ ಮುಂದೆ ಸಾಗಿರುವುದು ನಿಸರ್ಗದತ್ತವಾದ ವೊಲ್ಬಾಕಿಯಾ ಬ್ಯಾಕ್ಟೀರಿಯಾದ ಮಾರ್ಗ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ವೊಲ್ಬಾಕಿಯಾ ಹೊತ್ತ ಸೊಳ್ಳೆಗಳನ್ನು ಬಿಟ್ಟ ಪ್ರದೇಶಗಳಲ್ಲಿ ಡೆಂಗಿ ಶೇ 77ರಷ್ಟು ಇಳಿಯಿತೆಂದು 2021ರ ವರದಿ ಹೇಳಿತು. ನಮ್ಮ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವೂ ಅಂಥ ಸೊಳ್ಳೆಗಳ ಭಾರತೀಯ ತಳಿಯನ್ನು ಸಿದ್ಧಪಡಿಸಿದೆ.

ಇವೆಲ್ಲ ನಾಳೆ ಊರಿಗೆ ಬಂದರೂ ಕೆಲಸ ನಡೆಯುವುದು ಸೊಳ್ಳೆಯೊಳಗೆ. ಈಗಾಗಲೇ ಮನುಷ್ಯನ ದೇಹ ಸೇರಿದ ರೋಗಾಣುವಿಗೆ ಅವು ಮದ್ದಲ್ಲ. ಕತಾರಿಗೆ ಹೊರಟುನಿಂತವರು ಗಮನಿಸಬೇಕಾದದ್ದು ಇದನ್ನೇ. ಭಾರತದಲ್ಲಿ ಸಾಮಾನ್ಯವಾಗಿರುವ ವೈವಾಕ್ಸ್ ಮಲೇರಿಯಾದ ಪರಾವಲಂಬಿಯು ಯಕೃತ್ತಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿದ್ರಿಸಬಲ್ಲದು. ಈ ನಿದ್ರಾವಸ್ಥೆಯನ್ನು ಮಾಮೂಲಿ ರಕ್ತಪರೀಕ್ಷೆ ಕಾಣಲಾರದು. ವೀಸಾ, ವೈದ್ಯಕೀಯ ತಪಾಸಣೆಗಳೆಲ್ಲ ಮುಗಿದು, ಕೆಲಸಕ್ಕೆ ಸೇರಿದ ಮೇಲೆ ಚಳಿಜ್ವರ ಮರುಕಳಿಸುವುದು ಹೀಗೆ.

ಕ್ಲೋರೊಕ್ವಿನ್‌ನ ಮೂರು ದಿನಗಳ ಗುಳಿಗೆಗೇ ಜ್ವರ ಇಳಿಯುತ್ತದೆ. ಯಕೃತ್ತಿನ ರೋಗಾಣುವನ್ನು ಅಳಿಸುವುದು ಪ್ರಿಮಾಕ್ವಿನ್. ನಮ್ಮ ರಾಷ್ಟ್ರೀಯ ಚಿಕಿತ್ಸಾಕ್ರಮದಲ್ಲಿ ಅದಕ್ಕೆ 14 ದಿನ ನಿಗದಿಯಾಗಿದೆ. ಜ್ವರ ಬಿಟ್ಟಿತೆಂದು, ಪ್ರಯಾಣದ ಗಡಿಬಿಡಿಯೆಂದು ಅದನ್ನು ನಡುವೆ ನಿಲ್ಲಿಸುವವರು ಅನೇಕರು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೆ ಈ ಔಷಧಿ ಅಪಾಯಕಾರಿ, ಗರ್ಭಿಣಿಯರಿಗೂ ಸಲ್ಲದು. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ನುಂಗುವುದೂ ತಪ್ಪು.

ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಹಪ್ಪಳ ತುಂಬುವ ಮನೆಯವರಲ್ಲಿ ನನ್ನದೊಂದು ವಿನಂತಿ: ಹೊರಡುವ ಮಗನಿಗೆ ಈಚೆಗೆ ಮಲೇರಿಯಾ ಬಂದಿತ್ತಾದರೆ ಗುಳಿಗೆ ಪೂರ್ಣಗೊಂಡಿತೇ ಎಂದು ಕೇಳಿ, ಆಸ್ಪತ್ರೆಯ ಚೀಟಿಯನ್ನು ಅವನ ಕೈಗಿಡಿ. ಇಲ್ಲಿ ಜ್ವರ ಬಂದರೆ ಬಿಸಿಲಿನ ಆಯಾಸವೆಂದು ಕೋಣೆಯಲ್ಲಿ ಮಲಗದೆ, ಯಾವ ಊರಿನಿಂದ, ಯಾವಾಗ ಬಂದೆನೆಂದು ವೈದ್ಯರಿಗೆ ಮೊದಲೇ ತಿಳಿಸಲು ಹೇಳಿ. ಮಲೇರಿಯಾ ಅಪರೂಪವಾದ ನಾಡಿನಲ್ಲಿ ಆ ಒಂದು ಮಾತು ರೋಗನಿರ್ಣಯದ ದಿನಗಳನ್ನು ಉಳಿಸುತ್ತದೆ, ಕೆಲವೊಮ್ಮೆ ಜೀವವನ್ನೂ.