ಅಜ್ಜನ ಗೇಟು, ಅಕ್ಕನ ಗಾಡಿ

ಬೆಂಗಳೂರಿನ ನೈಟ್‌ಲೈಫ್ ಅಂದ ತಕ್ಷಣ ನಾವು ಟಿವಿಯವರು ಏನು ತೋರಿಸ್ತೀವಿ? ಚರ್ಚ್ ಸ್ಟ್ರೀಟ್, ಬ್ರಿಗೇಡ್ ರೋಡ್, ಕೋರಮಂಗಲ. ಬಣ್ಣದ ಲೈಟು, ಪಬ್ಬಿನ ಬಾಗಿಲು. 2024ರ ಆಗಸ್ಟ್‌ನಲ್ಲಿ ಹೋಟೆಲ್, ಬಾರ್‌ಗಳು ರಾತ್ರಿ ಒಂದು ಗಂಟೆವರೆಗೆ ತೆರೆದಿರಬಹುದು ಅಂತ ಸರ್ಕಾರ ಹೇಳಿದಾಗಲೂ ನಾನು ಅದೇ ದೃಶ್ಯಗಳ ಮೇಲೆ ಮಾತಾಡಿದೆ. ಆದರೆ ಅವತ್ತು ಬುಲೆಟಿನ್ ಮುಗಿಸಿ ನಾನು ಹೋಗಿದ್ದು ವಿ.ವಿ. ಪುರಂ ತಿಂಡಿ ಬೀದಿಗೆ. ಜಯನಗರ, ಬನಶಂಕರಿ ಕಡೆಯ ನಮ್ಮಂಥವರ ನೈಟ್‌ಲೈಫ್ ಅದೇ ಅಲ್ವಾ?

ಗೊತ್ತಿಲ್ಲದವರಿಗೆ ದಾರಿ ಹೇಳ್ತೀನಿ. ಜಯನಗರದಲ್ಲಿ ಮೆಟ್ರೋ ಹತ್ತಿದರೆ ಮೂರನೇ ನಿಲ್ದಾಣ ನ್ಯಾಷನಲ್ ಕಾಲೇಜ್. ಅಲ್ಲಿಂದ ಸಜ್ಜನ್ ರಾವ್ ವೃತ್ತಕ್ಕೆ ನಡೆದೇ ಹೋಗಬಹುದು. 1898ರ ಪ್ಲೇಗ್ ಮಾರಿಗೆ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದಾಗ ಹುಟ್ಟಿದ್ದು ಬಸವನಗುಡಿ. ಅದರ ಮಗ್ಗುಲಿಗೇ ಇರೋದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಈ ವಿಶ್ವೇಶ್ವರಪುರ. ಇಲ್ಲಿನ ವಿ.ಬಿ. ಬೇಕರಿ ಶುರುವಾಗಿದ್ದು 1953ರಲ್ಲಿ. ಕಾಂಗ್ರೆಸ್ ಕಡಲೆಕಾಯಿ, ಖಾರದ ಬನ್ನು, ರಸ್ಕು ಕಟ್ಟಿಸಿಕೊಂಡು ಹೋಗೋಕೆ ಬಂದವರು ಅಲ್ಲೇ ನಿಂತು ತಿನ್ನೋದನ್ನೂ ಕಲಿತರು. ಒಂದೊಂದೇ ಅಂಗಡಿ, ಗಾಡಿ ಸೇರುತ್ತಾ ಸೇರುತ್ತಾ ಪಡ್ಡು, ಹೋಳಿಗೆ, ಅಕ್ಕಿರೊಟ್ಟಿ, ಗುಲ್ಕನ್‌ ಐಸ್‌ಕ್ರೀಮು ಎಲ್ಲ ಬಂತು. ಚಳಿಗಾಲದಲ್ಲಿ ಅವರೆಬೇಳೆ ಮೇಳ ಬೇರೆ. ಅದರ ಜನಜಂಗುಳಿ ತಾಳಲಾರದೆ ಈಚಿನ ವರ್ಷಗಳಲ್ಲಿ ಮೇಳವನ್ನೇ ನ್ಯಾಷನಲ್ ಕಾಲೇಜು ಮೈದಾನಕ್ಕೆ ಒಯ್ದರು.

ಮೇಳವನ್ನು ಒಯ್ಯಬಹುದು. ಬೀದಿಯನ್ನು?

ಅವತ್ತು ಪಡ್ಡು ತಿನ್ನುತ್ತಾ ನಿಂತಿದ್ದೆ. ಹಿಂದಿನಿಂದ ಒಬ್ಬರು ಹಿರಿಯರು, “ಏನಪ್ಪಾ, ಟಿವಿಲಿ ಬರ್ತೀಯಲ್ಲ, ನೀನೇ ಅಲ್ವಾ? ನಮ್ಮ ಗೇಟಿನ ಮುಂದೆ ನಿಂತಿರೋ ಕಾರು ಯಾರದ್ದು ಅಂತ ನ್ಯೂಸಲ್ಲಿ ಕೇಳಪ್ಪ” ಅಂದರು. ಎಪ್ಪತ್ತು ದಾಟಿದವರು. ಅವರ ಹೆಂಡತಿಗೆ ಹುಷಾರಿಲ್ಲದ ದಿನ ಆಟೋ ಬಾಗಿಲಿಗೆ ಬರೋಕೆ ಆಗಲಿಲ್ಲವಂತೆ. ಹೊಟ್ಟೆಯೊಳಗಿನ ಪಡ್ಡು ಭಾರವಾಯಿತು. ಪುಣ್ಯಕ್ಕೆ ಕಾರು ನನ್ನದಲ್ಲ. ಆದರೆ ನನ್ನಂಥವನದ್ದೇ.

ಗಾಡಿಯ ಅಕ್ಕ ತಲೆ ಎತ್ತದೆ ಹೇಳಿದರು: “ಅವರು ಹೇಳೋದು ಸುಳ್ಳಲ್ಲ ಸಾರ್. ಆದ್ರೆ 2023ರಲ್ಲಿ ಇದೇ ರೋಡು ಅಗೆದಿದ್ದಾಗ ನಮ್ಮನೇಲಿ ಒಲೆ ಉರಿಯೋದೇ ಕಷ್ಟ ಆಗಿತ್ತು. ಇಲ್ಲಿಂದ ಎಬ್ಬಿಸಿದ್ರೆ ಎಲ್ಲಿಗೆ ಹೋಗ್ಲಿ?”

ಇಬ್ಬರಲ್ಲಿ ಯಾರದು ಸರಿ? ಟಿವಿ ಡಿಬೇಟ್ ಆಗಿದ್ದರೆ ಇಬ್ಬರನ್ನೂ ಎರಡು ಚೌಕದಲ್ಲಿ ಕೂರಿಸಿ ಜಗಳ ಹಚ್ಚುತ್ತಿದ್ದೆವು. ಆದರೆ ನೋಡಿ, ಇವರಿಬ್ಬರನ್ನೂ ಒಂದೇ ಮೇಜಿಗೆ ಕರೆಯುವ ಕಾನೂನು ಆಗಲೇ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಆಗಬೇಕು, ಅದು ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸಬೇಕಾದರೆ 30 ದಿನಗಳ ನೋಟಿಸ್ ಕೊಡಬೇಕು. 50 ವರ್ಷಕ್ಕೂ ಹೆಚ್ಚು ಕಾಲ ವ್ಯಾಪಾರ ನಡೆದ ಸಹಜ ಮಾರುಕಟ್ಟೆಯಾದರೆ ಅದನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು ಅಂತಲೂ ಅದರಲ್ಲಿದೆ. ಹಾಗಂತ ವ್ಯಾಪಾರಿಗಳಿಗೆ ಬರೀ ಹಕ್ಕಲ್ಲ, ಜಾಗ ಚೊಕ್ಕಟವಾಗಿಡುವ ಹೊಣೆಯೂ ಇದೆ.

ಇದನ್ನೆಲ್ಲ ನೋಡಿಕೊಳ್ಳಬೇಕಾದದ್ದು ಪಟ್ಟಣ ಮಾರಾಟ ಸಮಿತಿ. ಅದರಲ್ಲಿ ಕನಿಷ್ಠ ಶೇ. 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸಂಚಾರ ಪೊಲೀಸರು, ನಿವಾಸಿಗಳ ಸಂಘದವರೂ ಇರಬೇಕು. ಅಂದರೆ ಗಾಡಿಯ ಅಕ್ಕನಿಗೂ ಒಂದು ಕುರ್ಚಿ, ಗೇಟಿನ ಅಜ್ಜನಿಗೂ ಒಂದು ಕುರ್ಚಿ. ಗಾಡಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿನವರೆಗೆ, ಆಂಬುಲೆನ್ಸಿಗೆ ದಾರಿ ಎಲ್ಲಿ, ಇದೆಲ್ಲ ಅಲ್ಲಿ ಮಾತಾಡಿ ಬಗೆಹರಿಯಬೇಕು. ನಮ್ಮ ವಾರ್ಡಿನ ಪರವಾಗಿ ಆ ಸಮಿತಿಯಲ್ಲಿ ಯಾರು ಕೂರ್ತಾರೆ ಅಂತ ನಾವ್ಯಾರಾದರೂ ಕೇಳಿದ್ದೀವಾ? ನಾನಂತೂ ಕೇಳಿರಲಿಲ್ಲ. ಪಬ್ಬು ಎಷ್ಟೊತ್ತಿಗೆ ಮುಚ್ಚಬೇಕು ಅಂತ ಮಾತ್ರ ಗಂಟೆಗಟ್ಟಲೆ ಕೇಳಿದ್ದೆ.

ಸಮಿತಿಯ ಕೆಲಸ ಸಮಿತಿ ಮಾಡಲಿ. ನಮ್ಮ ಕೈಲಾಗೋದೂ ಒಂದಿಷ್ಟಿದೆ. ಮುಂದಿನ ಸಲ ಹೋಳಿಗೆ ತಿನ್ನೋಕೆ ಹೋದಾಗ ಕಾರು ಮನೆಯಲ್ಲಿರಲಿ, ತಟ್ಟೆ ಬುಟ್ಟಿಗೆ ಬೀಳಲಿ. ನಾನೀಗ ಮೆಟ್ರೋದಲ್ಲೇ ಹೋಗ್ತೀನಿ. ಆ ಹಿರಿಯರು ಮೊನ್ನೆ ಮತ್ತೆ ಸಿಕ್ಕಿ, “ಕಾರು ತಂದಿಲ್ಲ ತಾನೇ?” ಅಂದರು. ಇಲ್ಲ ಅಂದೆ. “ಹಾಗಾದ್ರೆ ಬಾ, ಪಡ್ಡು ತಿನ್ನೋಣ” ಅಂದರು.