ಉಸಿರು ಬದಲಿಸದೆ ಕೇಳಿದ ಪ್ರಶ್ನೆ

ಮೊಮ್ಮಗನಿಗೆ ನಾಲ್ಕು ತುಂಬಿದ ವಾರ ಮಗಳು ಅವನನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ಅವರಿರುವುದು ಅಮೆರಿಕದ ಫ್ಲಾರಿಡಾದಲ್ಲಿ, ಒರ್ಲಾಂಡೊ ಪಕ್ಕದ ಒಂದು ಊರು. ನಾನು 31 ವರ್ಷ ಕೊಡಗಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಬೇರೆಯವರ ಆಸ್ಪತ್ರೆ ಹೇಗಿದೆಯೋ ನೋಡೋಣ ಎಂಬ ಚಪಲ ನಿವೃತ್ತಿಯಾದರೂ ಬಿಟ್ಟಿಲ್ಲ, ನಾನೂ ಚಪ್ಪಲಿ ಮೆಟ್ಟಿದೆ.

ತೂಕ, ಎತ್ತರ, ಕಣ್ಣು, ಹಲ್ಲು ಎಲ್ಲ ಆಯಿತು. ಚುಚ್ಚುಮದ್ದಿನ ಅಳುವೂ ಮುಗಿಯಿತು. ಆಮೇಲೆ ಡಾಕ್ಟರಮ್ಮ ಕಂಪ್ಯೂಟರಿನ ಕಡೆ ತಿರುಗಿ ಒಂದೊಂದೇ ಕೇಳತೊಡಗಿದರು. ಕಾರಿನಲ್ಲಿ ಮಗುವಿಗೆ ಬೇರೆ ಸೀಟಿದೆಯೇ? ಹೊಗೆ ಎದ್ದರೆ ಕೂಗುವ ಅಲಾರಂ ಇದೆಯೇ? ಹತ್ತಿರದಲ್ಲಿ ಈಜುಕೊಳ ಇದ್ದರೆ ಅದಕ್ಕೆ ಬೇಲಿ? ಔಷಧಿ ಬಾಟಲಿಗಳು ಕೈಗೆ ಎಟುಕದಂತೆ ಇವೆಯೇ? ಅದೇ ದನಿಯಲ್ಲಿ, ಉಸಿರು ಬದಲಿಸದೆ, “ಮನೆಯಲ್ಲಿ ಕೋವಿ ಇದೆಯೇ?”

ಮಗಳು “ಇಲ್ಲ” ಎಂದಳು. ನನಗೆ ಮೈಯೆಲ್ಲ ಕಿವಿಯಾಯಿತು.

ಯಾಕೆಂದರೆ ನಾನು ಹುಟ್ಟಿದ್ದು ವಿರಾಜಪೇಟೆ ಕಡೆಯ ಕೊಡವ ಮನೆಯಲ್ಲಿ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಆಕಾಶಕ್ಕೆ ಹಾರಿಸಿ ಊರಿಗೆ ಸುದ್ದಿ ಮುಟ್ಟಿಸಿದ ಜನ ನಾವು. ನಮ್ಮ ಆಯುಧಪೂಜೆಯಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ, ನಡುಮನೆಯಾದ ನೆಲ್ಲಕ್ಕಿ ಬಾಡೆಯ ದೀಪದ ಕೆಳಗಿಟ್ಟು ಕೈಮುಗಿಯುತ್ತೇವೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ನಮ್ಮೂರ ಡಾಕ್ಟರೊಬ್ಬರು ನನ್ನಪ್ಪನನ್ನು “ಮನೇಲಿ ಕೋವಿ ಇದ್ಯಾ?” ಎಂದು ಕೇಳಿದ್ದರೆ ಅಪ್ಪ ನಕ್ಕುಬಿಡುತ್ತಿದ್ದರು. ಬಚ್ಚಲಿನಲ್ಲಿ ಹಂಡೆ ಇದೆಯಾ ಎಂದು ಕೇಳಿದ ಹಾಗೆ ಅದು.

“ಇಲ್ಲಿ ಹಾಗೆ ನಗೋ ವಿಷಯ ಅಲ್ಲ ಅವ್ವ,” ಅಂದಳು ಮಗಳು, ಕಾರಿನಲ್ಲಿ. “ಈ ಒಂದು ಪ್ರಶ್ನೆ ಕೋರ್ಟಿಗೆ ಹೋಗಿತ್ತು.”

ಆ ಕಥೆ ಶುರುವಾದದ್ದು ಒರ್ಲಾಂಡೊದಿಂದ ಹೆಚ್ಚು ದೂರವಿಲ್ಲದ ಒಕಾಲಾ ಎಂಬ ಊರಿನಲ್ಲಿ, 2010ರಲ್ಲಿ. ಮಕ್ಕಳ ಡಾಕ್ಟರೊಬ್ಬರು ಒಬ್ಬ ತಾಯಿಗೆ ಇದೇ ಪ್ರಶ್ನೆ ಕೇಳಿದರು. ಅದು ನಿಮಗೆ ಸಂಬಂಧಿಸಿದ್ದಲ್ಲ ಎಂದು ಆಕೆ ಉತ್ತರಿಸಲು ಒಪ್ಪಲಿಲ್ಲ. ಹಾಗಾದರೆ 30 ದಿನದೊಳಗೆ ಬೇರೆ ಡಾಕ್ಟರನ್ನು ನೋಡಿಕೊಳ್ಳಿ ಎಂದರು ಅವರು. ಸುದ್ದಿ ಹಬ್ಬಿತು, ಕೋವಿ ಇಟ್ಟುಕೊಂಡವರು ಸಿಟ್ಟಾದರು. ಮರುವರ್ಷ, ಕೋವಿ ಒಡೆಯರ ಸಂಘವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಬೆನ್ನಿಗೆ ನಿಂತ ಒಂದು ಕಾನೂನು ಫ್ಲಾರಿಡಾದಲ್ಲಿ ಬಂದೇಬಿಟ್ಟಿತು. ಚಿಕಿತ್ಸೆಗೋ ಸುರಕ್ಷತೆಗೋ ಸಂಬಂಧವಿದೆ ಎಂದು ಪ್ರಾಮಾಣಿಕವಾಗಿ ಅನ್ನಿಸದ ಹೊರತು ಡಾಕ್ಟರು ಕೋವಿಯ ಮಾತೆತ್ತಬಾರದು, ದಾಖಲೆಯಲ್ಲಿ ಬರೆಯಬಾರದು. ಮೀರಿದರೆ 10,000 ಡಾಲರ್‌ವರೆಗೆ ದಂಡ, ವೈದ್ಯ ಪರವಾನಗಿಗೂ ಕುತ್ತು.

ಡಾಕ್ಟರುಗಳು ಕೋರ್ಟಿಗೆ ಹೋದರು. ಬರ್ನ್ಡ್ ವೋಲ್‌ಶ್ಲೇಗರ್ ಎಂಬ ಕುಟುಂಬ ವೈದ್ಯರ ಹೆಸರಿನಲ್ಲಿ ಆ ಮೊಕದ್ದಮೆ ಪ್ರಸಿದ್ಧ. ಒಂದು ಕೋರ್ಟು ಕಾನೂನಿಗೆ ತಡೆ ಕೊಟ್ಟಿತು, ಮೇಲಿನದು ತಡೆ ತೆಗೆಯಿತು. ಕೊನೆಗೆ 2017ರ ಫೆಬ್ರುವರಿಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಪೂರ್ಣ ಪೀಠ 10–1ರ ಬಹುಮತದಿಂದ ಕಾನೂನಿನ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಡಾಕ್ಟರು ರೋಗಿಯ ಜೊತೆ ಆಡುವ ಮಾತಿಗೂ ವಾಕ್ ಸ್ವಾತಂತ್ರ್ಯ ಇದೆ ಎಂದಿತು. ಕೋವಿ ಇದೆ ಎಂಬ ಕಾರಣಕ್ಕೆ ರೋಗಿಗೆ ಭೇದ ಮಾಡಬಾರದು ಎಂಬ ಅಂಶ ಮಾತ್ರ ಉಳಿಯಿತು. ಅದು ಉಳಿದದ್ದು ಸರಿ ಎಂದೇ ನನಗನ್ನಿಸುತ್ತದೆ. ಉತ್ತರ ಕೊಡದ ತಾಯಿಯನ್ನು ಬಾಗಿಲಿಂದ ಆಚೆ ಕಳಿಸಿದರೆ ಆ ಮಗುವಿನ ಚುಚ್ಚುಮದ್ದಿನ ಗತಿ ಏನು?

ಇಲ್ಲಿ ನಮ್ಮ ಮಂಡ್ಯದ ಒಂದು ಎಳೆಯೂ ಇದೆ. ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಹುದ್ದೆಯಾದ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿಯವರ ಮೂಲ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಬೆಳೆದದ್ದು ಇದೇ ಫ್ಲಾರಿಡಾದ ಮಯಾಮಿಯಲ್ಲಿ. ಕೋವಿ ಆರೋಗ್ಯದ ವಿಷಯ ಎಂದು 2012ರಲ್ಲಿ ಅವರು ಟ್ವಿಟರಿನಲ್ಲಿ ಒಂದು ಸಾಲು ಬರೆದಿದ್ದರು. ಮುಂದಿನ ವರ್ಷ ಆ ಹುದ್ದೆಗೆ ಅವರ ಹೆಸರು ಬಂದಾಗ ಆ ಒಂದು ಸಾಲೇ ಅಡ್ಡ ಬಂತು. ಸೆನೆಟ್ ಒಪ್ಪಿಗೆ ಕೊಡಲು ವರ್ಷದ ಮೇಲಾಯಿತು, 2014ರ ಡಿಸೆಂಬರಿನಲ್ಲಿ 51–43ರಲ್ಲಿ ಗೆದ್ದರು. ಹತ್ತು ವರ್ಷ ಕಳೆದು 2024ರ ಜೂನ್‌ನಲ್ಲಿ, ಎರಡನೇ ಸಲ ಅದೇ ಹುದ್ದೆಯಲ್ಲಿದ್ದಾಗ, ಕೋವಿಯ ಹಿಂಸೆ ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಅಧಿಕೃತವಾಗಿಯೇ ಸಾರಿದರು. ಈ ನಡುವೆ 2018ರಲ್ಲಿ ರೈಫಲ್ ಅಸೋಸಿಯೇಷನ್, ಡಾಕ್ಟರುಗಳು ತಮ್ಮ ಕೆಲಸ ತಾವು ನೋಡಿಕೊಂಡಿರಲಿ ಎಂಬರ್ಥದಲ್ಲಿ ಹೇಳಿದ್ದಕ್ಕೆ, ತುರ್ತು ವಿಭಾಗದವರು ರಕ್ತ ಮೆತ್ತಿದ ತಮ್ಮ ಬಟ್ಟೆ, ಬೂಟು, ನೆಲದ ಫೋಟೊ ಹಾಕಿ ಇದೇ ನಮ್ಮ ಕೆಲಸ ಎಂದರು. ಆ ನೆಲ ಒರೆಸಿದವರ ಫೋಟೊ ಯಾರೂ ಹಾಕಿದಂತಿಲ್ಲ. ನರ್ಸ್ ಬುದ್ಧಿ, ಹೋಗಲಿ ಬಿಡಿ.

ಡಾಕ್ಟರುಗಳು ಇಷ್ಟು ಹಟ ಹಿಡಿಯುವುದೇಕೆ? ಅಮೆರಿಕದಲ್ಲಿ ಹತ್ತು ಮಂದಿ ದೊಡ್ಡವರಲ್ಲಿ ನಾಲ್ವರು ಕೋವಿ ಇರುವ ಮನೆಯಲ್ಲಿದ್ದಾರೆ. ಸುಮಾರು 46 ಲಕ್ಷ ಮಕ್ಕಳಿರುವ ಮನೆಗಳಲ್ಲಿ ಗುಂಡು ತುಂಬಿದ, ಬೀಗ ಹಾಕದ ಕೋವಿಯಿದೆ. ಒಂದರಿಂದ 19 ವರ್ಷದವರ ಸಾವಿನ ಕಾರಣಗಳಲ್ಲಿ 2020ರಲ್ಲಿ ಕೋವಿ, ವಾಹನ ಅಪಘಾತವನ್ನೂ ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂತು. ಕಾರಿನ ಸೀಟಿನ ಬಗ್ಗೆ ಕೇಳಿದ ಬಾಯಿ ಕೋವಿಯ ಬಗ್ಗೆ ಕೇಳದೆ ಇರುವುದು ಹೇಗೆ?

ಆದರೆ ನನ್ನನ್ನು ಕೂರಿಸಿದ ಅಂಕಿ ಬೇರೆ. ಆ ದೇಶದಲ್ಲಿ 2021ರಲ್ಲಿ ಕೋವಿಯಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಜನ ಆತ್ಮಹತ್ಯೆ ಮಾಡಿಕೊಂಡವರು. ಟೀವಿಯಲ್ಲಿ ಶಾಲೆ, ಮಾಲ್ ಎಂದು ನೋಡಿ ನೋಡಿ ಎಲ್ಲ ಕೊಲೆಯೇ ಅಂದುಕೊಂಡಿದ್ದೆ. ಅರ್ಧಕ್ಕೂ ಹೆಚ್ಚು ಸಾವು ತಮ್ಮದೇ ಕೈಯಿಂದ.

ಇದು ನನಗೆ ಗೊತ್ತಿರುವ ಸಂಗತಿ. ನಮ್ಮ ವಾರ್ಡಿಗೆ ಕೋವಿಯ ಗಾಯ ಬರುತ್ತಿದ್ದದ್ದು ಕಡಿಮೆ, ಬಂದರೂ ಹಂದಿ ಎಂದು ಮನುಷ್ಯನಿಗೆ ಹೊಡೆದದ್ದು. ಬರುತ್ತಿದ್ದವರು ತೋಟದ ಔಷಧಿ ಕುಡಿದವರು. ಗಂಡನ ಜೊತೆ ಜಗಳ, ಪರೀಕ್ಷೆ ಫೇಲು, ಸಾಲದವನ ಬೈಗುಳ. ಅರ್ಧ ಗಂಟೆಯ ಸಿಟ್ಟು, ಕೈಗೆ ಸಿಕ್ಕಿದ ಬಾಟಲಿ. ಬದುಕಿಕೊಂಡವರು ಮೂರನೆಯ ದಿನ ಗಂಜಿ ಕುಡಿಯುತ್ತಾ, “ಸಿಸ್ಟರ್, ಆ ಹೊತ್ತಲ್ಲಿ ಏನಾಯ್ತೋ ಗೊತ್ತಿಲ್ಲ” ಅನ್ನುತ್ತಿದ್ದರು. ಸುಳ್ಳಲ್ಲ ಅದು. ಒಮ್ಮೆ ಬದುಕಿ ಉಳಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆದರೆ ಕೋವಿ ಮೂರನೆಯ ದಿನದ ಗಂಜಿಗೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಕೋವಿಗೂ ಮನುಷ್ಯನಿಗೂ ನಡುವೆ ಒಂದು ಬೀಗ, ಗುಂಡು ಬೇರೆ ಪೆಟ್ಟಿಗೆಯಲ್ಲಿ, ಕೀಲಿ ಇನ್ನೊಬ್ಬರ ಕೈಯಲ್ಲಿ. ಆ ಅರ್ಧ ಗಂಟೆ ಕಳೆದರೆ ಸಾಕು. ಡಾಕ್ಟರಮ್ಮನ ಪ್ರಶ್ನೆಯ ತಿರುಳು ಇಷ್ಟೇ. ಔಷಧಿ ಬಾಟಲಿ ಎಲ್ಲಿಡ್ತೀರಿ ಎಂದು ನಾನು 31 ವರ್ಷದಲ್ಲಿ ಒಬ್ಬರನ್ನೂ ಕೇಳಲಿಲ್ಲ.

ಡಾಕ್ಟರಮ್ಮ ಅಷ್ಟಕ್ಕೆ ಬಿಟ್ಟಿರಲಿಲ್ಲ. “ಮಗು ಆಡಲು ಹೋಗುವ ಮನೆಗಳಲ್ಲಿ?” ಎಂದೂ ಕೇಳಿದ್ದರು. ಮಗಳ ಬಳಿ ಉತ್ತರ ಇರಲಿಲ್ಲ. ಅಲ್ಲೇ ಮೇಜಿನ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ತಂತಿಯ ಬೀಗಗಳಿದ್ದವು, ಬೇಕಾದವರಿಗೆ ಬಿಟ್ಟಿ. ನಾನು ಮೂರು ತೆಗೆದುಕೊಂಡೆ. ಮಗಳು ಕಣ್ಣು ಬಿಟ್ಟಳು.

ಮೊಮ್ಮಗ ಹೋಗುವ ಮನೆ ಒಂದೇ, ಪಕ್ಕದ ಅಜ್ಜನದು. ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದವರು, ಹೆಂಡತಿ ಹೋಗಿ ಎರಡು ವರ್ಷ. ಮನೆ ತುಂಬ ಆಟದ ರೈಲಿನ ಹಳಿ. ಹೇಗೆ ಕೇಳುವುದು ಎಂದು ಮಗಳು ವಾರವಿಡೀ ಒದ್ದಾಡಿದಳು. ನನಗೆ ಒಂದು ಅನುಕೂಲವಿತ್ತು, ನಾನು ಕೋವಿಯ ಮನೆಯವಳು. ಒಂದು ಸಂಜೆ ಮಗಳ ಜೊತೆ ಅಕ್ಕಿರೊಟ್ಟಿ ತೆಗೆದುಕೊಂಡು ಹೋಗಿ, ನನ್ನ ಮುರುಕು ಇಂಗ್ಲಿಷಿನಲ್ಲಿ ಅಪ್ಪನ ಜೋಡಿ ನಳಿಕೆ ಕೋವಿಯ ಕಥೆ ಹೇಳಿದೆ. ಅಜ್ಜನ ಕಣ್ಣು ಅರಳಿತು. ಎಷ್ಟು ಹಳೆಯದು, ಯಾವ ತೋಟಾ, ಏನು ಬೇಟೆ ಎಂದೆಲ್ಲ ಕೇಳಿದರು. ಆಮೇಲೆ ನಾನು, “ನಿಮ್ಮದು?” ಎಂದೆ.

ಮಲಗುವ ಮಂಚದ ಪಕ್ಕದ ಡ್ರಾಯರಿನಲ್ಲಿ, ಗುಂಡು ತುಂಬಿಯೇ. “ಈ ಮನೆಯಲ್ಲಿ ಮಕ್ಕಳಿಲ್ಲವಲ್ಲ,” ಎಂದವರು ರೈಲಿನ ಹಳಿಯ ಕಡೆ ನೋಡಿ ಸುಮ್ಮನಾದರು. ಮಕ್ಕಳ ಕೈಗೆ ಸಿಗುವಂತೆ ತುಂಬಿದ ಕೋವಿ ಇಡಬಾರದು ಎಂದು ಅಮೆರಿಕದಲ್ಲಿ ಮೊದಲು ಕಾನೂನು ಮಾಡಿದ ರಾಜ್ಯ ಫ್ಲಾರಿಡಾವೇ, 1989ರಲ್ಲಿ. ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಮಾಜಿ ಸೈನಿಕರ ಆಸ್ಪತ್ರೆಯ ಡಾಕ್ಟರೂ ಈ ಪ್ರಶ್ನೆ ಕೇಳಿದ್ದರಂತೆ. ಇವರು “ಇಲ್ಲ” ಎಂದಿದ್ದರಂತೆ. ಬರೆದುಕೊಂಡ ಕಾಗದ ಸರ್ಕಾರದ ಯಾವ ಮೇಜಿಗೆ ಹೋಗುತ್ತದೋ ಎಂಬ ಅಳುಕು. ಕೇಂದ್ರ ಸರ್ಕಾರ ಕೋವಿ ಒಡೆಯರ ಪಟ್ಟಿ ಮಾಡಕೂಡದು ಎಂದು 1986ರ ಕಾನೂನು ಹೇಳುತ್ತದೆ, ಮಗಳು ಅದನ್ನು ಓದಿ ಹೇಳಿದಳು. ಅಜ್ಜ ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ. ಅಳುಕಿರುವವರಿಗೆ ಕಾನೂನು ಓದಿ ಹೇಳಿದರೆ ಅಳುಕು ಹೋಗುತ್ತದೆಯೇ? ಇದೆಯೋ ಇಲ್ಲವೋ ಎಂದು ಕೇಳದೆ, ಇದ್ದರೆ ಹೀಗೆ ಇಡಿ ಎಂದು ಹೇಳಿ ಒಂದು ಬೀಗ ಕೈಗಿಟ್ಟರೆ ಒಳ್ಳೆಯದಲ್ಲವೇ ಎಂದು ನನಗನ್ನಿಸಿತು. ಅಲ್ಲಿ ಹಾಗೆ ಮಾಡುವ ಡಾಕ್ಟರುಗಳೂ ಇದ್ದಾರೆ.

ನನ್ನ ಚೀಲದಿಂದ ಒಂದು ಬೀಗ ತೆಗೆದು ರೊಟ್ಟಿಯ ತಟ್ಟೆಯ ಪಕ್ಕ ಇಟ್ಟೆ. ಮಗುವಿಗಾಗಿ ಎಂದೆ. ಎರಡು ವರ್ಷದಿಂದ ಒಬ್ಬರೇ ಇರುವ ಮನೆ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವರು ಬೀಗವನ್ನು ಬಹಳ ಹೊತ್ತು ಕೈಯಲ್ಲಿ ತಿರುಗಿಸುತ್ತಿದ್ದರು. ಎರಡು ದಿನ ಬಿಟ್ಟು ಮಗಳ ಕೈಗೆ ಒಂದು ಕೀಲಿ ಕೊಟ್ಟು, ಒಂದು ನಿಮ್ಮಲ್ಲೇ ಇರಲಿ ಎಂದರಂತೆ. ಕಾರಣ ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿ ತಮ್ಮನನ್ನು ಕೇಳಿದೆ, “ಅಪ್ಪನ ಕೋವಿ ಎಲ್ಲಿದೆ?”

“ಎಲ್ಲಿರುತ್ತೆ ಅಕ್ಕ? ಗೋಡೆ ಮೇಲೆ.”

“ತೋಟಾ?”

“ಅದರ ಕೆಳಗಿನ ಮೇಜಲ್ಲಿ. ಯಾಕೆ?”

ಉಳಿದ ಎರಡು ಬೀಗ ನನ್ನ ಸೂಟ್‌ಕೇಸಿನಲ್ಲಿ, ಸೀರೆಗಳ ನಡುವೆ ಇವೆ. ಜೋಡಿ ನಳಿಕೆಗೆ ಒಂದು ಸಾಕೋ ಎರಡೂ ಬೇಕೋ, ಅಜ್ಜನನ್ನು ಕೇಳಲು ಮರೆತೆ.